ಹೊಳೆ ಕೂಡಿಟ್ಟ ಚಿನ್ನ: ಬ್ರಿಟನ್ನಿನ ತೊರೆಗಳಲ್ಲಿ ಜಾಲಿಸುವ ಬಗೆ

ಸ್ಕಾಟ್ಲೆಂಡಿನ ತೊರೆಯಲ್ಲಿ ದಿನವಿಡೀ ಮರಳು ತೊಳೆದು ಬರಿಗೈಲಿ ಹಿಂತಿರುಗುವ ಹೊಸಬರು ತಮ್ಮ ಕೈಗೆ ಪಳಗಿಕೆ ಸಾಲದೆಂದು ಕೊರಗುತ್ತಾರೆ. ಕಾರಣ ಬಹುಮಟ್ಟಿಗೆ ಬೇರೆ: ಅವರು ತೋಡಿದ ಕಡೆ ಚಿನ್ನವೇ ಇರಲಿಲ್ಲ. ಬೆಟ್ಟದ ಬಂಡೆಯಿಂದ ಚಿನ್ನವನ್ನು ಬಿಡಿಸಿ, ನೆರೆಯಲ್ಲಿ ಉರುಳಿಸಿ, ಹಗುರವಾದದ್ದನ್ನೆಲ್ಲ ಕೊಚ್ಚಿಕೊಂಡು ಹೋಗಿ, ಉಳಿದದ್ದನ್ನು ಯಾವುದೋ ಸಂದಿಯಲ್ಲಿ ಕೂಡಿಡುವ ದೊಡ್ಡ ಕೆಲಸವನ್ನು ಹೊಳೆ ಸಾವಿರಾರು ವರ್ಷಗಳಿಂದ ಮಾಡುತ್ತ ಬಂದಿದೆ. ಕೈಯಲ್ಲಿರುವ ಪ್ಯಾನ್, ಎಂದರೆ ಮರಳು ತೊಳೆಯುವ ಅಗಲ ತಟ್ಟೆ, ಅದರ ಕೊನೆಯ ಹಂತವನ್ನಷ್ಟೇ ಮುಗಿಸಿಕೊಡುತ್ತದೆ. ಹೊಳೆ ಎಲ್ಲಿ ಕೂಡಿಟ್ಟಿದೆ ಎಂಬುದು ತಿಳಿದವರಿಗೆ ಸಾಧಾರಣ ಕೈಚಳಕವೂ ಸಾಕು.

ಮೊದಲು ಒಂದು ಲೆಕ್ಕ ಹೇಳಿಬಿಡಬೇಕು. ಒಂದು ಮಿಲಿಮೀಟರ್ ಉದ್ದ, ಅಷ್ಟೇ ಅಗಲ, ಅದರ ಹತ್ತನೇ ಒಂದರಷ್ಟು ದಪ್ಪದ ಚಿನ್ನದ ರೇಕು ಸುಮಾರು 2 ಮಿಲಿಗ್ರಾಂ ತೂಗುತ್ತದೆ. ಒಂದು ಗ್ರಾಂ ಆಗಲು ಅಂಥವು 500ಕ್ಕೂ ಹೆಚ್ಚು ಬೇಕು. ಬ್ರಿಟನ್ನಿನ ತೊರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದಕ್ಕಿಂತಲೂ ಸಣ್ಣ ಹುಡಿ. ದುಡ್ಡಿನ ಆಸೆಯಿಂದ ಹೋಗುವವರಿಗೆ ಪೆಟ್ರೋಲಿನ ಖರ್ಚೂ ಹುಟ್ಟುವುದಿಲ್ಲ. ಭೂವಿಜ್ಞಾನ, ನೀರಿನ ನಡೆ, ತಾಳ್ಮೆ ಈ ಮೂರರಲ್ಲಿ ಸುಖ ಕಾಣುವವರಿಗೆ ಮಾತ್ರ ಈ ಹವ್ಯಾಸ ಒಗ್ಗುತ್ತದೆ.

ನೀರೊಳಗಿನ ತೂಕ

ಕಲ್ಲಿರುವ ಅಕ್ಕಿಯನ್ನು ಪಾತ್ರೆಯಲ್ಲಿ ಜಾಲಿಸುವಾಗ ಅಕ್ಕಿ ನೀರಿನೊಡನೆ ಮುಂದೆ ಸರಿದು ಕಲ್ಲು ತಳದಲ್ಲಿ ನಿಲ್ಲುತ್ತದಲ್ಲ, ಚಿನ್ನ ಜಾಲಿಸುವುದರ ತತ್ತ್ವವೂ ಅದೇ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮಾಡುತ್ತಿದ್ದದ್ದು ಇದನ್ನೇ. 1802ರಲ್ಲಿ ಕೋಲಾರದ ಸೀಮೆಗೆ ಬಂದ ಜಾನ್ ವಾರೆನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ದಾಖಲಿಸಿದ. 1880ರಲ್ಲಿ ಅಲ್ಲಿ ಗಣಿಗಾರಿಕೆ ಕೈಗೆತ್ತಿಕೊಂಡ ಜಾನ್ ಟೇಲರ್ ಕಂಪನಿಯೊಡನೆ ಕೆಜಿಎಫ್‌ಗೆ ಬಂದ ಗಣಿ ಕೆಲಸಗಾರರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರಿದ್ದರು. ಆ ಕಾರ್ನ್‌ವಾಲಿನ ಹೊಳೆಗಳಲ್ಲೂ ಚಿನ್ನವಿದೆ. ಆ ಮಾತು ಮುಂದೆ ಬರುತ್ತದೆ.

ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಶುದ್ಧ ಚಿನ್ನದ್ದು 19.3. ಹೊಳೆಯ ಮರಳಿನ ಬಹುಪಾಲು ಬೆಣಚು, ಅದರದು 2.65. ಎಂದರೆ ಒಂದೇ ಗಾತ್ರದ ಚಿನ್ನದ ಕಣ ಬೆಣಚಿನ ಕಣಕ್ಕಿಂತ ಏಳು ಪಟ್ಟಿಗೂ ಹೆಚ್ಚು ಭಾರ. ನೀರಿನಲ್ಲಿ ಮುಳುಗಿದಾಗ ಈ ಅಂತರ ಇನ್ನೂ ಹಿಗ್ಗುತ್ತದೆ. ನೀರು ಎರಡನ್ನೂ ಒಂದೇ ಪ್ರಮಾಣದಲ್ಲಿ ಮೇಲಕ್ಕೆ ಒತ್ತುವುದರಿಂದ ಎರಡರಲ್ಲೂ 1 ಕಳೆಯಬೇಕು: 18.3ಕ್ಕೆ ಎದುರಾಗಿ 1.65, ಅಂದರೆ ಹನ್ನೊಂದು ಪಟ್ಟು. ಪ್ಯಾನನ್ನು ನೀರಿನಿಂದ ಹೊರಗೆತ್ತಿ ಅಲುಗಾಡಿಸಬಾರದೆಂಬ ನಿಯಮದ ಹಿಂದಿರುವುದು ಈ ಲೆಕ್ಕ. ಇದೇ ಲೆಕ್ಕದಲ್ಲಿ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಅದಿರಿನ ಮರಳು ಬೆಣಚಿಗಿಂತ ಎರಡೂವರೆ ಪಟ್ಟು ಭಾರವಷ್ಟೇ. ಹಾಗಾಗಿ ಕೊನೆಗೆ ಪ್ಯಾನಿನಲ್ಲಿ ಉಳಿಯುವುದು ಕಪ್ಪು ಮರಳು, ಅದರಡಿಯಲ್ಲಿ ಚಿನ್ನ.

ಆಕಾರವೂ ಮುಖ್ಯ. ದುಂಡನೆಯ ಕಾಳು ಥಟ್ಟನೆ ಮುಳುಗುತ್ತದೆ. ಅದೇ ತೂಕದ ತೆಳು ರೇಕು ಗಾಳಿಯಲ್ಲಿ ಎಲೆ ತೇಲುವ ಹಾಗೆ ಓಲಾಡುತ್ತ ಇಳಿಯುತ್ತದೆ. ಅವಸರದ ಕೈ ಕಳೆದುಕೊಳ್ಳುವುದು ಹೆಚ್ಚಾಗಿ ಈ ರೇಕುಗಳನ್ನೇ.

ಹೊಳೆ ಎಲ್ಲಿ ಇಳಿಸುತ್ತದೆ

ಚಿನ್ನ ಸಾಗುವುದು ನೆರೆ ಬಂದಾಗ. ಬೇಸಿಗೆಯ ಸಣ್ಣ ಹರಿವಿಗೆ ಅದನ್ನು ಕದಲಿಸುವ ಬಲವಿಲ್ಲ. ಆದ್ದರಿಂದ ಜಾಗ ಹುಡುಕುವಾಗ ಕಣ್ಣಮುಂದಿನ ನೀರನ್ನು ಮರೆತು, ಈ ತೊರೆ ದಂಡೆ ತುಂಬಿ ಹರಿಯುವಾಗ ಎಲ್ಲಿ ರಭಸ, ಎಲ್ಲಿ ಸಡಿಲ ಎಂದು ಕಲ್ಪಿಸಿಕೊಳ್ಳಬೇಕು. ಸೆಳವು ಇದ್ದಕ್ಕಿದ್ದಂತೆ ಕುಗ್ಗುವ ಜಾಗದಲ್ಲಿ ಭಾರದ್ದೆಲ್ಲ ಇಳಿಯುತ್ತದೆ: ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಕೆಳಹರಿವಿನ ಮರೆ, ಕಡಿದಾದ ಇಳಿಜಾರು ಮುಗಿದು ತೊರೆ ಅಗಲವಾಗುವ ಕಡೆ.

ಎಲ್ಲಕ್ಕಿಂತ ನಂಬಬಹುದಾದದ್ದು ಹಾಸುಬಂಡೆಯ ಬಿರುಕು. ನೆರೆಯಲ್ಲಿ ನೊರಜುಗಲ್ಲಿನ ಪದರವೆಲ್ಲ ಅಲುಗಾಡುವಾಗ ಚಿನ್ನ ಅದರೊಳಗೆ ಕೆಳಕೆಳಗೆ ಜಾರಿ, ಇನ್ನು ಜಾರಲಾಗದ ಗಟ್ಟಿ ತಳಕ್ಕೆ ಬಂದು ನಿಲ್ಲುತ್ತದೆ. ಸ್ಲೇಟ್, ಶಿಸ್ಟ್‌ನಂಥ ಪದರಗಲ್ಲು ಹರಿವಿಗೆ ಅಡ್ಡಲಾಗಿ ನೆಟ್ಟಗೆ ನಿಂತಿದ್ದರೆ ಅದರ ಏಣುಗಳು ಸಾಲಾಗಿ ಹಾಕಿದ ತಡೆಗಳಂತೆ ಕೆಲಸ ಮಾಡುತ್ತವೆ. ನುಣುಪಾದ ಗ್ರಾನೈಟ್ ತಳದಲ್ಲಿ ಅಷ್ಟು ನಿಲ್ಲುವುದಿಲ್ಲ. ಬಂಡೆ ಆಳದಲ್ಲಿದ್ದು ನಡುವೆ ಗಟ್ಟಿ ಜೇಡಿಯ ಪದರ ಸಿಕ್ಕಿದರೆ ಅದನ್ನೂ ತಳವೆಂದೇ ಎಣಿಸಬಹುದು. ಜೇಡಿಗೆ ತಾಗಿದ ಮೇಲಿನ ಎರಡು ಮೂರು ಸೆಂಟಿಮೀಟರ್ ನೊರಜನ್ನು ತಪ್ಪದೆ ತೆಗೆಯಬೇಕು. ಹೊಸಬರು ಮೇಲಿನ ಸಡಿಲ ಮರಳನ್ನೇ ಬಕೆಟ್‌ಗಟ್ಟಲೆ ತೊಳೆಯುತ್ತಾರೆ. ಒಂದು ಬಿರುಕಿನ ತಳದಿಂದ ಚಮಚದಲ್ಲಿ ಕೆರೆದ ಎರಡು ಹಿಡಿ ಕೆಸರು ಆ ಎಲ್ಲ ಬಕೆಟ್‌ಗಳಿಗಿಂತ ಮೇಲು.

ಬ್ರಿಟನ್ನಿನಲ್ಲಿ ಇದಕ್ಕೊಂದು ತೊಡಕಿದೆ: ಹಿಮಯುಗ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಇಂಗ್ಲೆಂಡುಗಳನ್ನು ಹೊದ್ದಿದ್ದ ಹಿಮದ ಹಾಳೆಗಳು ಹಳೆಯ ಹೊಳೆಪಾತ್ರಗಳನ್ನು ಗೋರಿ, ಅವುಗಳಲ್ಲಿದ್ದ ಚಿನ್ನವನ್ನು ಜೇಡಿ, ಕಲ್ಲುಗಳೊಡನೆ ಕಲಸಿ ದೂರದೂರಕ್ಕೆ ಚೆಲ್ಲಿದವು. ಹಿಮ ಕರಗಿ ಹನ್ನೊಂದು ಸಾವಿರಕ್ಕೂ ಹೆಚ್ಚು ವರ್ಷವಾಗಿದೆ. ಅಂದಿನಿಂದ ತೊರೆಗಳು ಆ ಕಲಸುಮಣ್ಣನ್ನು ಕೊರೆದು ಮತ್ತೆ ಹೊಸದಾಗಿ ಕೂಡಿಡುತ್ತಿವೆ. ದಂಡೆಯಲ್ಲಿ ಕಲ್ಲು ಕಲಸಿದ ಜೇಡಿಯ ಗೋಡೆ ಕಂಡರೆ, ಅದನ್ನು ತೊರೆ ಕೊರೆಯುತ್ತಿರುವ ಜಾಗದ ಕೆಳಹರಿವು ನೋಡತಕ್ಕದ್ದು. ಡೆವನ್, ಕಾರ್ನ್‌ವಾಲ್‌ಗಳವರೆಗೆ ಆ ಹಾಳೆ ಹರಡಲಿಲ್ಲ. ಅಲ್ಲಿನ ಹಳೆಯ ಹೊಳೆಮರಳು ಬಹುಕಾಲ ಹಾಗೇ ಉಳಿಯಿತು. ತವರದ ಅದಿರಿಗಾಗಿ ಆ ಮರಳನ್ನು ತೊಳೆಯುತ್ತಿದ್ದವರಿಗೆ ಚಿನ್ನವೂ ಸಿಗುತ್ತಿತ್ತು. 1808ರಲ್ಲಿ ಕಾರ್ನನ್ ಕಣಿವೆಯಲ್ಲಿ ಹೀಗೆ ಸಿಕ್ಕ ಸುಮಾರು 59 ಗ್ರಾಂ ತೂಕದ ಗಟ್ಟಿ ಟ್ರೂರೋ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಹೆಸರಾದ ಜಾಗಗಳು

ಸ್ಕಾಟ್ಲೆಂಡಿನ ದಕ್ಷಿಣದ ಲೋದರ್ ಬೆಟ್ಟಸಾಲಿನ ವಾನ್ಲಾಕ್‌ಹೆಡ್, ಲೆಡ್‌ಹಿಲ್ಸ್ ಹಳ್ಳಿಗಳ ಸುತ್ತಲ ತೊರೆಗಳು ಇಂಥ ಜಾಗಗಳಲ್ಲಿ ಅತಿ ಹಳೆಯವು. 1540ರಲ್ಲಿ ಐದನೇ ಜೇಮ್ಸ್ ದೊರೆಗಾಗಿ ಮತ್ತೆ ಎರಕಹೊಯ್ದ ಸ್ಕಾಟ್ಲೆಂಡಿನ ಕಿರೀಟಕ್ಕೆ ಹತ್ತಿರದ ಕ್ರಾಫರ್ಡ್ ಮೂರ್‌ನ ಚಿನ್ನ ಸೇರಿದೆ. ವಾನ್ಲಾಕ್‌ಹೆಡ್‌ನಲ್ಲಿರುವ ಸೀಸದ ಗಣಿಗಾರಿಕೆಯ ವಸ್ತುಸಂಗ್ರಹಾಲಯ ಜಾಲಿಸುವುದನ್ನು ಕಲಿಸುತ್ತದೆ. ಮೊದಲ ಬಾರಿಗೆ ಪ್ಯಾನ್ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣೆ. ಒಂದು ಎಚ್ಚರಿಕೆ: ಇದು ಸೀಸದ ಗಣಿಯ ಸೀಮೆ. ಮಣ್ಣಿನಲ್ಲಿ ಸೀಸವಿದೆ, ಊಟಕ್ಕೆ ಮೊದಲು ಕೈ ಚೆನ್ನಾಗಿ ತೊಳೆಯಬೇಕು.

ಉತ್ತರದ ಸದರ್‌ಲೆಂಡ್ ಸೀಮೆಯ ಕಿಲ್ಡೋನನ್‌ನ ಕಥೆ ದೊಡ್ಡದು. ಆಸ್ಟ್ರೇಲಿಯದ ಚಿನ್ನದ ಬಯಲುಗಳಲ್ಲಿ ಪಳಗಿದ್ದ ರಾಬರ್ಟ್ ನೆಲ್ಸನ್ ಗಿಲ್‌ಕ್ರಿಸ್ಟ್ ಹುಟ್ಟೂರಿಗೆ ಹಿಂತಿರುಗಿ 1868ರಲ್ಲಿ ಇಲ್ಲಿನ ಹೊಳೆಗಳಲ್ಲಿ ಚಿನ್ನ ತೋರಿಸಿದ. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, 1869ರಲ್ಲಿ ನೂರಾರು ಜನ ನುಗ್ಗಿ, ತೊರೆಯ ಪಕ್ಕ ಬಾಲ್ ಅನ್ ಓರ್ ಎಂಬ ಗುಡಾರದೂರು ಎದ್ದಿತು. ಜಮೀನಿನ ಒಡೆಯನಾದ ಡ್ಯೂಕ್ ತಿಂಗಳಿಗೆ ಒಂದು ಪೌಂಡ್ ಶುಲ್ಕ ಹಾಕಿದ. ಕುರಿಗಾಹಿಗಳೂ ಸಾಲ್ಮನ್ ಮೀನಿನ ಗುತ್ತಿಗೆದಾರರೂ ದೂರಿದ್ದರಿಂದ ಆ ವರ್ಷದ ಕೊನೆಗೆ ಪರವಾನಗಿಯನ್ನೇ ನಿಲ್ಲಿಸಿದ. ಅದಕ್ಕೆ ಐವತ್ತು ವರ್ಷ ಮುಂಚೆ ಇದೇ ಕಣಿವೆಯ ಒಕ್ಕಲುಗಳನ್ನು ಕುರಿ ಮೇಯಿಸಲೆಂದು ಎಬ್ಬಿಸಿ ಓಡಿಸಲಾಗಿತ್ತು ಎಂಬುದನ್ನು ಅಲ್ಲಿಗೆ ಹೋಗುವವರು ತಿಳಿದಿರಬೇಕು. ಇಂದು ಸುಯಿಸ್ಗಿಲ್ ಎಸ್ಟೇಟ್ ಕಿಲ್ಡೋನನ್ ತೊರೆಯ ಗೊತ್ತುಪಡಿಸಿದ ಭಾಗದಲ್ಲಿ ಹವ್ಯಾಸಿಗಳಿಗೆ ಅವಕಾಶ ಕೊಡುತ್ತದೆ. ಕೈ ಸಲಕರಣೆ ಮಾತ್ರ, ದಂಡೆ ಅಗೆಯುವಂತಿಲ್ಲ.

ವೇಲ್ಸ್‌ನ ಡಾಲ್‌ಗೆಥ್ಲೈ ಊರಿನ ಸುತ್ತ ಹೆಸರುವಾಸಿಯಾದದ್ದು ಬಂಡೆಯೊಳಗಿಂದ ತೆಗೆದ ಚಿನ್ನ. 1923ರಿಂದ ರಾಜಮನೆತನದ ಮದುವೆಯುಂಗುರಗಳಿಗೆ ಬಳಕೆಯಾದದ್ದು ಕ್ಲೋಗೌ ಗಣಿಯದು. ಆದರೆ ಅಲ್ಲಿನ ಹೊಳೆಗಳು ಜಾಲಿಸುವವರಿಗೆ ಸೇರಿದ್ದಲ್ಲ: ಮೌಥಾಕ್ ನದಿಯ ಉಪನದಿ ಏಡನ್‌ನಲ್ಲಿ ಅಳಿವಿನಂಚಿನ ಸಿಹಿನೀರ ಮುತ್ತಿನ ಚಿಪ್ಪುಗಳಿವೆ, ಅದು ಸಂರಕ್ಷಿತ ತಾಣ. ವೇಲ್ಸ್‌ನಲ್ಲಿ ಕೈಯಾಡಿಸಬೇಕೆಂದರೆ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುವ ಡೊಲಾಯ್‌ಕೋಥಿಯ ರೋಮನ್ ಗಣಿ ತೆರೆದಿದೆಯೇ ಎಂದು ಮೊದಲೇ ಕೇಳಿಕೊಂಡು ಅಲ್ಲಿಗೆ ಹೋಗುವುದು ವಾಸಿ.

ಆ ಚಿನ್ನ ಯಾರದು, ಹೊಳೆಯಲ್ಲಿ ಇನ್ನಾರಿದ್ದಾರೆ

ಬ್ರಿಟನ್ನಿನಲ್ಲಿ ನೆಲದ ಒಡೆತನ ಬೇರೆ, ಅದರೊಳಗಿನ ಚಿನ್ನದ ಒಡೆತನ ಬೇರೆ. ಸ್ಕಾಟ್ಲೆಂಡಿನ 1424ರ ಕಾಯ್ದೆ, ಇಂಗ್ಲೆಂಡಿನಲ್ಲಿ ಒಂದನೇ ಎಲಿಜಬೆತ್ ರಾಣಿಗೂ ನಾರ್ತಂಬರ್‌ಲೆಂಡಿನ ಅರ್ಲ್‌ಗೂ ನಡೆದ ವ್ಯಾಜ್ಯದ 1568ರ ತೀರ್ಪು, ಈ ಎರಡರ ಬುಡದ ಮೇಲೆ ಚಿನ್ನ, ಬೆಳ್ಳಿಗಳು ಸಾಮಾನ್ಯವಾಗಿ ರಾಜಸತ್ತೆಯ ಸ್ವತ್ತು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದನ್ನು ಕ್ರೌನ್ ಎಸ್ಟೇಟ್ ನೋಡಿಕೊಳ್ಳುತ್ತದೆ. 2017ರಿಂದ ಸ್ಕಾಟ್ಲೆಂಡಿಗೆ ಪ್ರತ್ಯೇಕ ಸಂಸ್ಥೆಯಿದೆ. ಇದರ ಮೇಲೆ ಜಮೀನಿನ ಒಡೆಯರ ಒಪ್ಪಿಗೆ ಬೇರೆ ಬೇಕು. ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ಅಡ್ಡಾಡುವ ಹಕ್ಕು 2003ರ ಕಾಯ್ದೆಯಿಂದ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಹಕ್ಕು ನಡೆಯಲು, ಈಜಲು, ಗುಡಾರ ಹಾಕಲು. ಹೊಳೆಯ ತಳ ತೋಡಿ ಲೋಹ ಒಯ್ಯಲು ಅದು ಪರವಾನಗಿಯಾಗದು. ಆದ್ದರಿಂದ ಹೊಸಬರು ಎಸ್ಟೇಟ್ ಅಥವಾ ಸಂಸ್ಥೆ ತಾನಾಗಿ ಅವಕಾಶ ಕೊಟ್ಟಿರುವ ಜಾಗಕ್ಕೇ ಹೋಗಬೇಕು, ಹೊರಡುವ ಮುನ್ನ ಆ ವರ್ಷದ ನಿಯಮ ಕೇಳಿಕೊಳ್ಳಬೇಕು.

ಕಾನೂನಿಗಿಂತ ಮಿಗಿಲಾದದ್ದು ಮೀನು. ಸಾಲ್ಮನ್, ಟ್ರೌಟ್‌ಗಳು ಶರತ್ಕಾಲದಿಂದ ಚಳಿಗಾಲದವರೆಗೆ, ಮುಖ್ಯವಾಗಿ ಅಕ್ಟೋಬರಿನಿಂದ ಜನವರಿಯೊಳಗೆ, ನೊರಜಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತವೆ. ಮರಿಗಳು ವಸಂತದ ಕೊನೆಯವರೆಗೂ ಆ ಕಲ್ಲುಗಳ ನಡುವೆಯೇ ಇರುತ್ತವೆ. ಕಲ್ಲುಗಳ ಸಂದಿನಲ್ಲಿ ಹರಿಯುವ ನೀರಿನ ಆಮ್ಲಜನಕವೇ ಮೊಟ್ಟೆಯ ಉಸಿರು. ಮೇಲ್ಗಡೆ ಯಾರೋ ಕದಡಿದ ನುಣ್ಣನೆಯ ಕೆಸರು ಬಂದು ಆ ಸಂದುಗಳನ್ನು ಮುಚ್ಚಿದರೆ ಅವು ಉಸಿರುಗಟ್ಟಿ ಸಾಯುತ್ತವೆ. ಮೊಟ್ಟೆಯಿರುವ ತಳವನ್ನು ಉದ್ದೇಶಪೂರ್ವಕವಾಗಿ ಕದಡುವುದು 1975ರ ಮೀನುಗಾರಿಕೆ ಕಾಯ್ದೆಯಡಿ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅಪರಾಧ. ಸ್ಕಾಟ್ಲೆಂಡಿನಲ್ಲೂ ಅಂಥದೇ ಕಾಯ್ದೆಯಿದೆ. ಜೂನ್‌ನಿಂದ ಸೆಪ್ಟೆಂಬರ್ ಈ ಹವ್ಯಾಸದ ಕಾಲ. ಮುತ್ತಿನ ಚಿಪ್ಪು ಕಂಡರೆ ಮುಟ್ಟದೆ ಎದ್ದು ಬರಬೇಕು. ದಂಡೆಯ ಮಣ್ಣಿಗೂ ಬಂಡೆಯ ಪಾಚಿಗೂ ಕೈ ಹಾಕಬಾರದು. ಪಾಚಿಯಲ್ಲಿ ಸಣ್ಣ ಹುಡಿ ಸಿಕ್ಕಿಕೊಂಡಿರುವುದು ನಿಜ, ಆದರೆ ಅಂಗೈಯಗಲ ಪಾಚಿ ಕಿತ್ತರೆ ಮತ್ತೆ ಬೆಳೆಯಲು ವರ್ಷಗಳು ಬೇಕು. ತೋಡಿದ ಗುಳಿಯನ್ನು ಹೊರಡುವ ಮುನ್ನ ಅದೇ ಕಲ್ಲುಗಳಿಂದ ಮುಚ್ಚಬೇಕು. ಒಂದು ಹೊಳೆಯ ರೋಗ ಇನ್ನೊಂದಕ್ಕೆ ಹೋಗದಿರಲು ಬೂಟು, ಪ್ಯಾನ್, ಗುದ್ದಲಿಗಳನ್ನು ತೊಳೆದು ಪೂರ್ತಿ ಒಣಗಿಸಿಯೇ ಬೇರೆಡೆಗೆ ಒಯ್ಯಬೇಕು.

ಸಲಕರಣೆ

14 ಇಂಚಿನ ಪ್ಲಾಸ್ಟಿಕ್ ಪ್ಯಾನ್ ಒಂದು, ಹಸಿರು ಅಥವಾ ನೀಲಿ ಬಣ್ಣದ್ದು. ಒಂದು ಮಗ್ಗುಲಲ್ಲಿ ಏಣುಗಳಿರಬೇಕು. ಇದಕ್ಕಿಂತ ದೊಡ್ಡದು ತುಂಬಿದರೆ ಸೊಂಟಕ್ಕೆ ಪೆಟ್ಟು. ಕಬ್ಬಿಣದ ಪ್ಯಾನ್ ತುಕ್ಕು ಹಿಡಿಯುತ್ತದೆ, ಅದರಲ್ಲಿ ಅಯಸ್ಕಾಂತ ಆಡಿಸಲೂ ಆಗದು. ಹೊಸ ಪ್ಲಾಸ್ಟಿಕ್ ಪ್ಯಾನಿಗೆ ಅಚ್ಚಿನ ಎಣ್ಣೆ ಅಂಟಿರುತ್ತದೆ. ಮನೆಯಲ್ಲೇ ಪಾತ್ರೆ ತೊಳೆಯುವ ಸಾಬೂನಿನಿಂದ ಉಜ್ಜಿ ತೆಗೆಯದಿದ್ದರೆ ಹುಡಿ ನೀರಿನ ಮೇಲ್ಮೈಗೆ ಅಂಟಿ ತೇಲಿ ಹೋಗುತ್ತದೆ. ಪ್ಯಾನಿನ ಮೇಲೆ ಕೂರುವ ಜರಡಿ, ಕಣ್ಣು 6ರಿಂದ 12 ಮಿಲಿಮೀಟರ್. ಬಿರುಕಿಗೆ ತುದಿ ಬಗ್ಗಿಸಿದ ಹಳೆಯ ಸ್ಕ್ರೂಡ್ರೈವರ್, ಉದ್ದ ಹಿಡಿಯ ಚಮಚ. ನೀರಡಿಯ ಬಿರುಕಿನಿಂದ ಹೀರಲು ಕೈಪಂಪು, ಅದೂ ನಿಯಮ ಒಪ್ಪುವ ಕಡೆ ಮಾತ್ರ. ಮೋಟಾರಿನ ಪಂಪು ಹವ್ಯಾಸಿಗಳ ವಸ್ತುವೇ ಅಲ್ಲ. ಹುಡಿ ಎತ್ತಲು ಒತ್ತಿ ಬಿಟ್ಟರೆ ಹೀರುವ ಪುಟ್ಟ ಪ್ಲಾಸ್ಟಿಕ್ ಬಾಟಲಿ, ಮುಚ್ಚಳ ಭದ್ರವಾಗಿರುವ ಸಣ್ಣ ಸೀಸೆ. ಬೇಸಿಗೆಯಲ್ಲೂ ಆ ನೀರು ಕೊರೆಯುತ್ತದೆ. ಮೊಣಕಾಲು ಮುಚ್ಚುವ ಬೂಟು, ಮೊಣಕೈವರೆಗಿನ ರಬ್ಬರ್ ಗವಸು ಇಲ್ಲದೆ ಗಂಟೆಗಿಂತ ಹೆಚ್ಚು ಹೊತ್ತು ಬೆರಳು ಮಾತು ಕೇಳುವುದಿಲ್ಲ.

ಜಾಲಿಸುವ ಕ್ರಮ

ಜರಡಿ ಇಟ್ಟ ಪ್ಯಾನಿಗೆ ನೊರಜು ಸುರಿದು ಎರಡನ್ನೂ ನೀರಿನಲ್ಲಿ ಮುಳುಗಿಸಿ ಅಲ್ಲಾಡಿಸಿ. ಜರಡಿಯಲ್ಲಿ ನಿಂತ ಕಲ್ಲುಗಳನ್ನು ಎಸೆಯುವ ಮೊದಲು ಒಮ್ಮೆ ನೋಡಿ. ಪ್ಯಾನ್ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಇನ್ನು ಜೇಡಿ: ಅದನ್ನು ನೀರೊಳಗೇ ಬೆರಳಿನಿಂದ ಕಿವುಚಿ ಪೂರ್ತಿ ಕರಗಿಸಬೇಕು. ಅವಸರದಲ್ಲಿ ಬಿಟ್ಟ ಜೇಡಿಯುಂಡೆ ಪ್ಯಾನಿನಲ್ಲಿ ಉರುಳುತ್ತ ಚಿನ್ನದ ಕಣಗಳನ್ನು ಮೈಗೆ ಅಂಟಿಸಿಕೊಂಡು ಅಂಚು ದಾಟಿ ಹೋಗುತ್ತದೆ. ಚಿನ್ನ ಕಳೆದುಹೋಗುವ ದಾರಿಗಳಲ್ಲಿ ಇದು ಮೊದಲನೆಯದು.

ಈಗ ಪ್ಯಾನನ್ನು ನೀರಿನ ಮೇಲ್ಮೈಯ ಕೆಳಗೇ ಸಮತಟ್ಟಾಗಿ ಹಿಡಿದು ಎಡಬಲಕ್ಕೆ ಜೋರಾಗಿ ಅಲುಗಾಡಿಸಿ, ಹತ್ತು ಹದಿನೈದು ಸೆಕೆಂಡು. ಒಳಗಿನದೆಲ್ಲ ಗಂಜಿಯ ಹಾಗೆ ಸಡಿಲವಾಗಿ ಚಲಿಸಬೇಕು. ಸಡಿಲವಾಗದಿದ್ದರೆ ಭಾರದ ಕಣಕ್ಕೆ ಕೆಳಗಿಳಿಯಲು ದಾರಿಯಿಲ್ಲ. ಗಿರಗಿರ ತಿರುಗಿಸುವುದನ್ನು ಸಿನಿಮಾಗಳಲ್ಲಿ ನೋಡಿ ಕಲಿತವರು ಬಹಳ. ಅದು ಪದರಗಳನ್ನು ಮತ್ತೆ ಕಲಸುತ್ತದೆ.

ಏಣುಗಳು ನಿಮ್ಮಿಂದಾಚೆಯ ಮಗ್ಗುಲಿಗೆ ಬರುವಂತೆ ಹಿಡಿದು, ಆ ಕಡೆಗೆ ಕೊಂಚ ಬಾಗಿಸಿ. ಪ್ಯಾನಿನ ಮುಂದಿನ ಅಂಚನ್ನು ನೀರಿಗೆ ಅದ್ದಿ, ನಿಧಾನವಾಗಿ ನಿಮ್ಮತ್ತ ಎಳೆದು ಮೇಲೆತ್ತಿ: ಒಳಬಂದ ನೀರು ಹಿಂದಿರುಗುವಾಗ ಮೇಲಿನ ತೆಳು ಪದರವನ್ನಷ್ಟೇ ಒಯ್ಯುತ್ತದೆ. ನಾಲ್ಕೈದು ಸಲ ಹೀಗೆ ಅದ್ದಿದ ಮೇಲೆ ಮತ್ತೆ ಸಮತಟ್ಟು ಮಾಡಿ ಅಲುಗಾಡಿಸಿ. ಅಲುಗಾಡಿಸು, ಅದ್ದು, ಅಲುಗಾಡಿಸು, ಅದ್ದು. ಈ ಮರುಅಲುಗಾಟವನ್ನು ಮರೆಯುವುದು ಎರಡನೇ ದೊಡ್ಡ ತಪ್ಪು. ಬಾಗಿಸಿದಾಗ ಪದರಗಳು ಸರಿದು, ಕೆಳಗಿದ್ದ ಚಿನ್ನ ಮೇಲೆ ಬಂದಿರುತ್ತದೆ.

ಎರಡು ಚಮಚದಷ್ಟು ಕಪ್ಪು ಮರಳು ಉಳಿದಾಗ ನಿಧಾನಿಸಿ. ಇಲ್ಲಿಂದ ಮುಂದಿನ ಕೆಲಸವನ್ನು ಹೊಳೆಯಲ್ಲಿ ಮಾಡದೆ, ಉಳಿಕೆಯನ್ನು ಡಬ್ಬಿಗೆ ಸುರಿದುಕೊಂಡು ಮನೆಯಲ್ಲಿ ಟಬ್ಬಿನ ಮೇಲೆ ಮಾಡುವುದು ಜಾಣತನ: ಜಾರಿದ್ದೆಲ್ಲ ಟಬ್ಬಿನಲ್ಲೇ ಇರುತ್ತದೆ. ಪ್ಯಾನಿಗೆ ಒಂದು ಬಟ್ಟಲು ನೀರು ಹಾಕಿ, ನಯವಾದ ಮಗ್ಗುಲಿಗೆ ಬಾಗಿಸಿ, ನೀರು ಮರಳಿನ ಮೇಲೆ ತೆಳ್ಳಗೆ ಹಾಯುವಂತೆ ಓಲಾಡಿಸಿ. ಮರಳು ಮುಂದೆ ಸರಿದು, ಹಿಂದೆ ಹಳದಿ ಗೆರೆ ಉಳಿಯುತ್ತದೆ. ಬಾಟಲಿಯಿಂದ ಹೀರಿ ಸೀಸೆಗೆ ಹಾಕಿ. ಟಬ್ಬಿನ ನೀರಿಗೆ ಒಂದು ಹನಿ ಸಾಬೂನು ಬಿದ್ದರೆ ತೇಲುವ ಹುಡಿಯೂ ಮುಳುಗುತ್ತದೆ. ಹೊಳೆಗೆ ಮಾತ್ರ ಸಾಬೂನು ಕೂಡದು.

ಹಳದಿಯೆಲ್ಲ ಚಿನ್ನವಲ್ಲ. ಅಭ್ರಕದ ಚೂರು ಬಿಸಿಲಲ್ಲಿ ಥಳಥಳಿಸಿ, ಪ್ಯಾನನ್ನು ಮೈನೆರಳಿಗೆ ತಂದೊಡನೆ ಮಂಕಾಗುತ್ತದೆ, ನೀರು ಅಲುಗಿದರೆ ಹಾರುತ್ತದೆ. ಪೈರೈಟ್ ಎಂಬ ಹಳದಿ ಖನಿಜಕ್ಕೆ ಚೂಪಾದ ಮೂಲೆಗಳಿರುತ್ತವೆ, ಸೂಜಿಯಿಂದ ಒತ್ತಿದರೆ ಪುಡಿಯಾಗುತ್ತದೆ. ಚಿನ್ನ ನೆರಳಲ್ಲೂ ಬಿಸಿಲಲ್ಲೂ ಒಂದೇ ಬಣ್ಣ. ಸೂಜಿಗೆ ಬಗ್ಗುತ್ತದೆ, ಮುರಿಯುವುದಿಲ್ಲ. ಬೇಟೆಯ ಸೀಸದ ಚರೆ ಸಿಕ್ಕಿದರೆ ಬೇಸರಪಡಬೇಡಿ. ಸೀಸದ ಸಾಂದ್ರತೆ 11.3. ಅದು ಪ್ಯಾನಿನಲ್ಲಿ ನಿಂತಿದೆಯೆಂದರೆ ನಿಮ್ಮ ಕೈ ಸರಿಯಿದೆ, ಆ ಜಾಗವೂ ಭಾರದ್ದನ್ನು ಹಿಡಿದಿಡುತ್ತಿದೆ. ಅದನ್ನು ಹೊಳೆಗೆ ಮತ್ತೆ ಎಸೆಯದೆ ಬೇರೆ ಡಬ್ಬಿಯಲ್ಲಿ ತನ್ನಿ.

ಕಪ್ಪು ಮರಳನ್ನು ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿದರೆ ಮ್ಯಾಗ್ನೆಟೈಟ್ ಎದ್ದು ಬರುತ್ತದೆ. ಒದ್ದೆಯಲ್ಲಿ ಮಾಡಿದರೆ ಚಿನ್ನವೂ ಅದರೊಡನೆ ಅಂಟಿ ಬರುತ್ತದೆ. ಗಾಳಿಯಲ್ಲೇ ಒಣಗಲಿ, ಒಲೆಯ ಮೇಲೆ ಬೇಡ. ಹಳೆಯ ಗಣಿಗಳ ಕೆಳಗಿನ ತೊರೆಯಲ್ಲಿ ಬೆಳ್ಳಿಯ ಬಣ್ಣಕ್ಕೆ ತಿರುಗಿದ ಚಿನ್ನ ಸಿಕ್ಕರೆ ಅದಕ್ಕೆ ಪಾದರಸ ಹತ್ತಿರಬಹುದು; ಕಾಯಿಸಿದರೆ ಹೊಮ್ಮುವ ಆವಿ ವಿಷ.

ಜಾಗ ಪರೀಕ್ಷಿಸುವಾಗ ಪ್ರತಿ ಕಡೆಯಿಂದಲೂ ಒಂದೇ ಅಳತೆಯ ನೊರಜು ತೆಗೆದು, ಪ್ರತಿ ಪ್ಯಾನಿನಲ್ಲಿ ಎಷ್ಟು ಕಣ ಕಂಡಿತೆಂದು ಎಣಿಸಿ ಬರೆದಿಡಿ: ತಿರುವೋ ಬಿರುಕೋ, ಎಷ್ಟು ಆಳ, ತಳದಲ್ಲಿ ಜೇಡಿಯೋ ಬಂಡೆಯೋ. ಮೇಲ್ಮೇಲಕ್ಕೆ ಹೋದಂತೆ ಎಣಿಕೆ ಏರಿ ಒಮ್ಮೆಲೇ ನಿಂತುಹೋದರೆ ಚಿನ್ನ ತೊರೆಗೆ ಸೇರುವ ಜಾಗವನ್ನು ದಾಟಿದ್ದೀರಿ. ಅಂಚು ಚೂಪಾಗಿದ್ದು ಬೆಣಚು ಅಂಟಿದ ಕಣ ಹತ್ತಿರದ್ದು, ಬಡಿದು ಚಪ್ಪಟೆಯಾಗಿ ನಯವಾದದ್ದು ದೂರದಿಂದ ಬಂದದ್ದು. ಚಳಿಗಾಲದ ನೆರೆಗಳು ಖಾಲಿ ಮಾಡಿದ ಬಿರುಕುಗಳನ್ನು ಮತ್ತೆ ಸ್ವಲ್ಪ ತುಂಬುತ್ತವೆ. ಮುಂದಿನ ಜೂನ್‌ನಲ್ಲಿ ಆ ಪಟ್ಟಿಯ ಮೊದಲ ಮೂರು ಬಿರುಕುಗಳಿಂದಲೇ ಶುರುಮಾಡಬಹುದು.